ಆರಿಸಬಾರದ ಸನಾದಿ

ಹಳೆಯ ಹಿತ್ತಾಳೆ ಹಂಡೆ ಇಟ್ಟುಕೊಂಡವರನ್ನು ಜನ ಸಂಸ್ಕಾರವಂತರು ಅನ್ನುತ್ತಾರೆ. ಹಳೆಯ ಮರದ ತೊಟ್ಟಿಲು ಇಟ್ಟುಕೊಂಡವರನ್ನು ಭಾವುಕರು ಅನ್ನುತ್ತಾರೆ. ಹಳೆಯ ಎಲೆಕ್ಟ್ರಾನಿಕ್ ಯಂತ್ರ ಇಟ್ಟುಕೊಂಡವರನ್ನು ಮಾತ್ರ, “ಇದನ್ನ ಇನ್ನೂ ಗುಜರಿಗೆ ಹಾಕಿಲ್ಲೇನ್ರಿ?” ಎಂದು ಕೇಳುತ್ತಾರೆ. ಹಿತ್ತಾಳೆಗೆ ವಯಸ್ಸಾದರೆ ಬೆಲೆ ಏರುತ್ತದೆ, ಯಂತ್ರಕ್ಕೆ ವಯಸ್ಸಾದರೆ ಮರ್ಯಾದೆ ಇಳಿಯುತ್ತದೆ. ದುರ್ದೈವದಿಂದ ನಾನು ಈ ಕೊನೆಯ ಪಂಗಡಕ್ಕೆ ಸೇರಿದವಳು. ಬೆಳಗಾವಿಯ ತಿಲಕವಾಡಿಯಲ್ಲಿರುವ ನಮ್ಮ ಮನೆಯ ನಡುಮನೆಯಲ್ಲಿ ಒಂದು ಮುದಿ ಸಿಂಥಸೈಜರ್ ಇದೆ. ಇದ್ದರೆ ಇರಲಿ, ಮೇಲೊಂದು ಬಟ್ಟೆ ಹೊದಿಸಿ ಮೂಲೆಗೆ ಇಡಬಹುದಿತ್ತು. ಆದರೆ ಒಂದಿಡೀ ಮಳೆಗಾಲ, ಒಂದಿಡೀ ಚಳಿಗಾಲ ನಾನು ಅದನ್ನು ಒಂದು ಗಳಿಗೆಯೂ ಆರಿಸಲಿಲ್ಲ. ಅದರ ಕೆಂಪು ದೀಪ ಸದಾ ಉರಿಯುತ್ತಿತ್ತು. ಎದುರುಮನೆಯ ಕಲಾವತಿಬಾಯಿ ಬಂದಾಗೊಮ್ಮೆ ಅದನ್ನು ನೋಡಿ, “ಚಲೋ ಮಾಡೀರಿ ಬಿಡ್ರಿ, ಕರೆಂಟಿನ ನಂದಾದೀಪ” ಎಂದು ಹೊಗಳಿಕೆಯೋ ಚೇಷ್ಟೆಯೋ ತಿಳಿಯದ ಹಾಗೆ ಹೇಳಿ ಹೋಗುತ್ತಿದ್ದರು. ಅದು ಚೇಷ್ಟೆಯೇ ಎಂದು ನನಗೆ ಗೊತ್ತಿತ್ತು.

ಇದು ಹೀಗೇಕಾಯಿತೆಂದು ಹೇಳಬೇಕಾದರೆ ಖಾನಾಪುರದಿಂದ ಸುರು ಮಾಡಬೇಕು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಶರಣರ ವಚನಗಳನ್ನು ಹಾರ್ಮೋನಿಯಂ ಮೇಲೆ ಹಾಡುವುದನ್ನು ಅಪ್ಪ ಕಲಿಸಿದ್ದರು. ನನ್ನ ಬೆರಳು ಸುಮ್ಮನಿರುವುದಿಲ್ಲ, ಊಟದ ತಾಟನ್ನೂ ಬಾರಿಸುತ್ತೇನೆ ಎಂಬ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತ್ತು. ಅದು ದಸ್ತಗೀರ ಮಾಸ್ತರರ ಕಿವಿಗೂ ಬಿತ್ತು. ಮಾಸ್ತರರು ಅಂದರೆ ಸಾಲಿ ಮಾಸ್ತರರಲ್ಲ. ತಬಲಾ ಬಾರಿಸುವವರು, ಮದುವೆ, ಗಣಪತಿ, ಉರುಸು ಎಲ್ಲದಕ್ಕೂ ಹೋಗುವ ಆರ್ಕೆಸ್ಟ್ರಾದ ಯಜಮಾನರು. ಒಂದು ದಿನ ನಮ್ಮ ಮನೆಗೆ ಬಂದು ಚಹಾ ಕುಡಿದು, “ಮಗಳನ್ನ ನಮ್ಮ ಆರ್ಕೆಸ್ಟ್ರಾಕ್ಕ ಕಳಸ್ರಿ. ನನ್ನ ತಂಗೀನೂ ಹಾಡತಾಳ. ಇಬ್ಬರೂ ಕೂಡೇ ಹೋಗ್ತಾರ, ಕೂಡೇ ಬರ್ತಾರ” ಎಂದು ಅಪ್ಪನನ್ನು ಕೇಳಿದರು. ಅಪ್ಪ ಬಹಳ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಹಾಕಿದರು: “ಅಕೀ ಊಟದ್ದು ಹೆಂಗ?” “ಬುತ್ತಿ ಕಟ್ಟಿ ಕಳಸ್ರಿ, ನಾವೂ ತಿಂತೀವಿ” ಎಂದರು ಮಾಸ್ತರರು. ಹೀಗೆ ನಾನು ಕಲಾವಿದೆಯಾದೆ, ನಮ್ಮ ಮನೆಯ ರೊಟ್ಟಿ ಮತ್ತು ಶೇಂಗಾ ಚಟ್ನಿ ಇಡೀ ಆರ್ಕೆಸ್ಟ್ರಾದ ಪಾಲಾಯಿತು.

ಸಿಂಥಸೈಜರ್ ಬಂದದ್ದು ಗೋವಾದಿಂದ. ಅಲ್ಲಿಯ ಹೋಟೆಲೊಂದರಲ್ಲಿ ಅದನ್ನು ಬಾರಿಸುತ್ತಿದ್ದವರು ಹೊಸದನ್ನು ಕೊಂಡು, ಹಳೆಯದನ್ನು ಮಾಸ್ತರರಿಗೆ ದಾಟಿಸಿದ್ದರು. ರೈಲಿನಲ್ಲಿ ಬಂದ ಅದನ್ನು ಲೋಂಡಾ ಸ್ಟೇಶನ್ನಿನಲ್ಲಿ ಇಳಿಸಿಕೊಂಡೆವು. ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದ ಆ ಉದ್ದನೆಯ ಭಾರವನ್ನು ಎತ್ತುವಾಗ ಹಮಾಲನೊಬ್ಬ, “ಇದರಾಗ ಯಾರದರ ಹೆಣ ಐತೇನ್ರಿ?” ಎಂದು ಕೇಳಿದ್ದ. ಹಾಗೆ ಕೇಳಿದ್ದು ತಪ್ಪಲ್ಲ. ಜಪಾನಿನವರು ಆ ಕಾಲದಲ್ಲಿ ಯಂತ್ರ ಮಾಡುವಾಗ ಅದನ್ನು ಮನುಷ್ಯರು ಎತ್ತಬೇಕಾದೀತು ಎಂದು ಎಣಿಸಿದಂತೆ ಕಾಣುವುದಿಲ್ಲ. ಕಂಬಳಿ ಬಿಚ್ಚಿ, ತಂತಿ ಸಿಕ್ಕಿಸಿ, ಮಾಸ್ತರರು ಒಂದು ಕೀ ಒತ್ತಿದರು. ನೀರು ತುಂಬಿದ ಸ್ಟೀಲಿನ ತಂಬಿಗೆಯನ್ನು ಯಾರೋ ಉಗುರಿನಿಂದ ಮೀಟಿದ ಹಾಗೆ ಒಂದು ನಾದ ಬಂತು. ನಾವೆಲ್ಲ ಬಾಯಿ ತೆರೆದು ಕೂತೆವು. ಈ ಭೂಮಿಯ ಮೇಲಿನ ಯಾವ ವಾದ್ಯದ್ದೂ ಅಲ್ಲದ, ಆದರೆ ಎಲ್ಲೋ ಕೇಳಿದಂತಿರುವ ನಾದ ಅದು. ಕನಸಿನಲ್ಲಿ ಬರುವ ಮನೆ ನಮ್ಮದೇ ಅನ್ನಿಸುತ್ತದೆ, ಆದರೆ ಎಚ್ಚರಾದ ಮೇಲೆ ಅಂಥ ಮನೆ ನಮಗೆ ಇರಲೇ ಇಲ್ಲ ಎಂದು ಹೊಳೆಯುತ್ತದಲ್ಲ, ಅಂಥದ್ದು.

ಮುಂದೆ ಸ್ವಲ್ಪ ದಿನಕ್ಕೆ ನಮ್ಮ ಸನಾದಿಯವನು ಬೇರೆ ಆರ್ಕೆಸ್ಟ್ರಾ ಸೇರಿದ. ಶಹನಾಯಿಗೆ ನಮ್ಮ ಕಡೆ ಸನಾದಿ ಅನ್ನುತ್ತಾರೆ. ಅದಿಲ್ಲದೆ ಹೆಣ್ಣನ್ನು ಗಂಡನ ಮನೆಗೆ ಕಳಿಸುವುದು ಹೇಗೆ? ಮಾಸ್ತರರು ಹಟಕ್ಕೆ ಬಿದ್ದರು. ಮದುವೆಗಳಿಲ್ಲದ ಮಳೆಗಾಲವಿಡೀ ಯಂತ್ರದ ಮುಂದೆ ಕೂತು ಗುಂಡಿಗಳನ್ನು ಒತ್ತಿದರು. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳು ಅವರಿಗೂ ತಿಳಿಯುತ್ತಿರಲಿಲ್ಲ, ಓದಬಲ್ಲ ನನಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಕೋಳಿ ಕೂಗಿದ ಹಾಗೆ ಬರುತ್ತಿತ್ತು, ಒಮ್ಮೆ ಹಿಟ್ಟಿನ ಗಿರಣಿಯ ಹಾಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅದು ಬಂದೇಬಿಟ್ಟಿತು. ಸನಾದಿಯೂ ಅಲ್ಲ, ಸನಾದಿ ಅಲ್ಲವೆಂದೂ ಹೇಳುವಂತಿಲ್ಲ. ಲೋಂಡಾದ ಕಾಡಿನಾಚೆಯಿಂದ ರೈಲಿನ ಕೂಗು ಮಂಜಿನಲ್ಲಿ ತೊಯ್ದು ಬಂದರೆ ಹೇಗೋ ಹಾಗೆ, ತುದಿಯಲ್ಲಿ ಸಣ್ಣಗೆ ನಡುಗುತ್ತ ಆರುವ ದನಿ. ಮಾಸ್ತರರು ಅದನ್ನು ಹದಿನೇಳನೆಯ ಖಾನೆಯಲ್ಲಿ ಉಳಿಸಿದರು. ಅಂದಿನಿಂದ ಖಾನಾಪುರದ ಸುತ್ತಮುತ್ತ ಹೆಣ್ಣು ಕಳಿಸುವುದೆಂದರೆ ಮಾಸ್ತರರ ಸನಾದಿ ಆಗಲೇಬೇಕು. ಹಲಸಿಯಲ್ಲಿ ಒಂದು ಮದುವೆ ಮುಗಿಸಿ ಟೆಂಪೋದಲ್ಲಿ ಸ್ಪೀಕರ್ ಡಬ್ಬಿಗಳ ಮೇಲೆ ಮಲಗಿ ಬರುವಾಗ, ಮರಗಳ ತುದಿ ಒಂದೊಂದಾಗಿ ಹಿಂದೆ ಸರಿಯುತ್ತಿರಲು, ಬಾರಿಸುವುದು ನಿಂತ ಮೇಲೂ ಆ ದನಿ ಕಿವಿಯಲ್ಲಿ ಉಳಿದು ನನಗೆ ಜೋಗುಳ ಹಾಡಿದ್ದು ಇನ್ನೂ ನೆನಪಿದೆ. ನನ್ನ ಮದುವೆಯಲ್ಲಿ ಮಾತ್ರ ಪೇಚಾಯಿತು. ಬಾರಿಸುವವಳೇ ಮದುಮಗಳಾಗಿ ಕೂತಿದ್ದಳು, ಮಾಸ್ತರರ ಎರಡೂ ಕೈ ತಬಲಾದ ಮೇಲಿದ್ದವು. ಅವರು ಒಂದು ಬಿಳಿ ಕೀಗೆ ಬೆಂಕಿಕಡ್ಡಿ ಸಿಕ್ಕಿಸಿ ಕೈ ಬಿಟ್ಟರು. ನಾನು ಬೆಳಗಾವಿ ದಾರಿ ಹಿಡಿದ ಮೇಲೂ ಕಡ್ಡಿ ತೆಗೆಯಲು ಯಾರಿಗೂ ನೆನಪಾಗಲಿಲ್ಲವಂತೆ. ನನ್ನ ಮದುವೆಯಲ್ಲಿ ನನಗಿಂತ ಹೆಚ್ಚು ಹೊತ್ತು ಅತ್ತದ್ದು ಆ ಕಡ್ಡಿ.

ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ತಾನಾಗಿ ಕರಗಿತು. ತಬಲಾ ಮಾಸ್ತರರ ಬಳಿ ಉಳಿಯಿತು, ಸಿಂಥಸೈಜರ್ ನನ್ನ ಪಾಲಿಗೆ ಬಂತು. ನಾನೀಗ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುತ್ತೇನೆ. ಅವರು ತರುವ ಹೊಸ ಕೀಬೋರ್ಡುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ ಹೊಡೆಯಬಹುದು. ಅದರೊಳಗೆ ನೂರಾರು ದನಿ. ಸನಾದಿ ಅಂದರೆ ಸಾಕ್ಷಾತ್ ಸನಾದಿ, ಊದುವವನ ಉಸಿರಿನ ಸಮೇತ. ಆದರೆ ಆ ಉಸಿರು ಬೇರೆ ಯಾರದೋ. ನಮ್ಮದು ಸನಾದಿಯಾಗಲು ಹೋಗಿ ಆಗದೆ ಉಳಿದದ್ದು, ಅದಕ್ಕೇ ನಮ್ಮದು. ಹೀಗೆಲ್ಲ ನಾನು ತತ್ತ್ವ ಹೇಳುತ್ತಿದ್ದರೆ ಮಕ್ಕಳು, “ಟೀಚರ್, ಇದರಾಗ ತಾಳ ಇಲ್ಲೇನ್ರಿ?” ಎಂದು ಕೇಳುತ್ತಾರೆ. ಇಲ್ಲ. ತಾಳ ಇಲ್ಲ, ಸ್ಪೀಕರ್ ಇಲ್ಲ, ಅಂಗಡಿಯಲ್ಲಿ ಬಿಡಿಭಾಗ ಇಲ್ಲ. ಅಂಗೈಯಗಲದ ಪರದೆ ಮಾಸಿಹೋಗಿ ಅಕ್ಷರಗಳ ತಲೆ ಮಾತ್ರ ಕಾಣಿಸುತ್ತದೆ. ಅಂದಾಜಿನ ಮೇಲೆ ಸಂಸಾರ. ಒಳಗೆ ಉಳಿಸಿದ ದನಿಗಳ ನಕಲನ್ನು ಬೇರೆ ಯಂತ್ರಕ್ಕೆ ಕಳಿಸುವ ತೂತು ಕೆಟ್ಟು ಯಾವ ಕಾಲವೋ ಆಯಿತು. ಒಂದೇ ದನಿಯ ನಡುಕವನ್ನು ತುಸು ಬದಲಿಸಬೇಕೆಂದರೂ ಗುಂಡಿ ಒತ್ತಿ ಒತ್ತಿ ಬೆರಳು ನೋಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಸಂಜೆ ಹೊತ್ತು ಅದರ ಮುಂದೆ ಕೂತರೆ, ಸಾಂಬ್ರಾಕ್ಕೆ ಇಳಿಯುವ ವಿಮಾನ ನೆತ್ತಿಯ ಮೇಲೆ ಮೊರೆದು ದೂರಾಗುವಾಗ ಆ ಮೊರೆತಕ್ಕೆ ಶ್ರುತಿ ಹಿಡಿದು ಒಂದು ಕೀ ಒತ್ತಿದರೆ, ನಾನು ಕೂತಲ್ಲಿಂದಲೇ ಎಲ್ಲೋ ಹೋಗಿಬಿಡುತ್ತೇನೆ. ಒಲೆಯ ಮೇಲಿನ ಹಾಲಿಗೆ ಇದು ಒಳ್ಳೆಯದಲ್ಲ.

ಕಳೆದ ಮಳೆಗಾಲದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಮೊದಲನೆಯದು, ಖಾನಾಪುರದಿಂದ ಮಾಸ್ತರರ ಫೋನು. “ಶೈಲವ್ವಾ, ಮೊಮ್ಮಗಳು ನಾಜ್ನೀನ್‌ದು ಮದುವಿ ಗೊತ್ತಾಗೇತಿ. ರಮಜಾನ್ ಮುಗದ ಮ್ಯಾಲೆ. ಹುಡುಗ ಲೋಂಡಾದಾಂವ. ಡಿಜೆ ಏನರ ಹಚ್ಚಿಕೊಳ್ಳಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹುಡುಗಿ ಹೊಂಡೂ ಮುಂದ ನಮ್ಮ ಸನಾದಿ ಆಗಬೇಕು. ಊರಾಗಿನ ಹುಡುಗ್ಯಾರನ್ನೆಲ್ಲಾ ಅದರಲೇ ಕಳಿಸೇನಿ, ನನ್ನ ಮೊಮ್ಮಗಳನ್ನ ಹಂಗ ಹೆಂಗ ಕಳಸಲಿ? ಬಸ್, ಮತ್ತೇನೂ ಕೇಳಂಗಿಲ್ಲ.” ನಾನು ಎರಡು ಮಾತಿಲ್ಲದೆ ಒಪ್ಪಿದೆ. ಎರಡನೆಯದು, ಅದೇ ವಾರ ಯಂತ್ರ ತೊದಲಿತು. ರೇಡಿಯೋ ಟಿ.ವಿ. ರಿಪೇರಿಯ ಪ್ರಕಾಶ ಬಂದು, ಮುಚ್ಚಳ ತೆಗೆದು, ಚಾಲೂ ಇದ್ದ ಹಾಗೆಯೇ ಮೀಟರಿನ ಕಡ್ಡಿ ತಾಗಿಸಿ ನೋಡಿದ. ಅವನು ಮನೆಯಲ್ಲಿ ಮರಾಠಿ, ನಮ್ಮ ಹತ್ತಿರ ಕನ್ನಡ. “ವೈನಿ, ಒಳಗಿನ ಬ್ಯಾಟರಿ ಖಲಾಸ್ ಆಗೇತ್ರಿ” ಎಂದ. ರೂಪಾಯಿ ನಾಣ್ಯದಷ್ಟು ದೊಡ್ಡ ಬ್ಯಾಟರಿ ಅದು; ಕರೆಂಟು ಇಲ್ಲದಾಗ ನಾವು ಉಳಿಸಿದ ದನಿಗಳನ್ನು ನೆನಪಿಟ್ಟುಕೊಳ್ಳುವುದೇ ಅದರ ಕೆಲಸ. “ಈಗ ಬರೇ ಕರೆಂಟಿನ ಮ್ಯಾಲೆ ಜೀವ ಹಿಡದೈತಿ. ಆರಿಸಿದ್ರಿ ಅಂದ್ರ ನೆಪ್ಪು ಹೋತು.” ಹೊಸದು ಹಾಕಪ್ಪ ಎಂದೆ. “ಹಳೇದು ತಗೀದ ಹೊಸಾದು ಹೆಂಗ ಹಾಕೂದ್ರಿ? ತಗದಾಗ ಎಲ್ಲಾ ಅಳಸತೈತಿ. ಕಂಪನಿಯವರು ಕೊಟ್ಟ ಆವಾಜ ವಾಪಸ್ ತರಬಹುದು, ನಿಮ್ಮ ಮಾಸ್ತರದು ಬರೂದಿಲ್ಲ. ಚಾಲೂ ಇಟ್ಟು ಬ್ಯಾಟರಿ ಬದಲಿ ಮಾಡು ಅಂದ್ರ, ಖರೇ ಹೇಳತೇನಿ, ನನಗ ಧೈರ್ಯ ಇಲ್ಲ.” ಅವನು ಮುಚ್ಚಳ ಹಾಕಿ ಹೊರಟುಹೋದ. ನಾನು ಕೆಂಪು ದೀಪವನ್ನೇ ನೋಡುತ್ತ ಕೂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾಸ್ತರರು ಇಡೀ ಮಳೆಗಾಲ ಕೂತು ಹುಡುಕಿದ್ದು ಒಂದು ಸ್ವಿಚ್ಚಿನ ಅಂತರದಲ್ಲಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕಾಯಿದೆ ಜಾರಿಗೆ ಬಂತು. ಇನ್ವರ್ಟರು ಯಂತ್ರದ ಸೇವೆಗೆ ಮೀಸಲು. ಕರೆಂಟು ಹೋದರೆ ಫ್ಯಾನು ಇಲ್ಲ, ಟಿ.ವಿ. ಇಲ್ಲ, ದೀಪವೂ ಇಲ್ಲ. ನಮ್ಮ ಮನೆಯವರಿಗೆ ಖಡೇಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ದಿನವಿಡೀ ಗಿರಾಕಿಗಳು ಪಾತ್ರೆ ಬಡಿದು ನೋಡುವ ಸದ್ದು ಕೇಳಿ, ಮನೆಗೆ ಬಂದು ಫ್ಯಾನಿನ ಕೆಳಗೆ ಮಲಗುವುದೊಂದೇ ಅವರ ಸುಖ. ಅದಕ್ಕೂ ಕಲ್ಲು ಬಿತ್ತು. ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ, “ಶೈಲಾ, ಅದಕ್ಕೇನು ಸೆಕಿ ಆಗೂದಿಲ್ಲಲ್ಲ?” ಎನ್ನುತ್ತಿದ್ದರು. “ಅದಕ್ಕ ನೆಪ್ಪು ಹೋಗ್ತದ್ರಿ” ಎಂದರೆ, “ನನಗೂ ಹೋಗಾಕ ಹತ್ತೇತಿ, ನನ್ನನ್ನೂ ಅದಕ್ಕ ಜೋಡಸು” ಎನ್ನುತ್ತಿದ್ದರು. ಓಣಿಯ ಬೆಕ್ಕೊಂದು ಯಂತ್ರದ ಬೆಚ್ಚನೆಯ ಮೈ ಕಂಡುಹಿಡಿದು ಅದರ ಮೇಲೆಯೇ ಸಂಸಾರ ಹೂಡಿತು. ನೆಂಟರ ಮದುವೆಗೆ ಒಬ್ಬರು ಹೋದರೆ ಒಬ್ಬರು ಮನೆಯಲ್ಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ಎಂದು ಒಬ್ಬ ವಿದ್ಯಾರ್ಥಿನಿ ಬುದ್ಧಿ ಹೇಳಿದಳು. ಹಾಗೂ ಮಾಡಿದೆ. ಬೆರಳು ಮೆಲ್ಲಗೆ ಇಟ್ಟರೆ ಮೆಲ್ಲಗೆ ಬೇಡಿಕೊಳ್ಳುವ, ಒತ್ತಿದರೆ ಗಂಟಲು ಬಿಗಿಯುವ ದನಿ, ಮೊಬೈಲಿನಲ್ಲಿ ತಂಗಳ ಸಾರಿನಂತೆ ಒಂದೇ ಸಮ ಇತ್ತು. ಅಳಿಸಿಹಾಕಿದೆ. ಹದಿನೇಳನೆಯ ಖಾನೆಯನ್ನು ಆಮೇಲೆ ನಾನು ಮುಟ್ಟಲಿಲ್ಲ. ಮದುವೆಯ ದಿನ ಮಾಸ್ತರರ ಮುಂದೆಯೇ ಅದರ ಬಾಯಿ ಬಿಡಿಸಬೇಕು ಎಂದು ವ್ರತ ಹಿಡಿದವಳಂತೆ ಕಾದೆ.

ಮದುವೆಯ ದಿನ ಬಂತು. ಆರಿಸದೆ ಒಯ್ಯಬೇಕಲ್ಲ, ಅದಕ್ಕೆ ಇನ್ವರ್ಟರ್, ಅದರ ಆನೆಭಾರದ ಬ್ಯಾಟರಿ, ಯಂತ್ರ ಮೂರನ್ನೂ ಒಂದರ ಬಾಲ ಒಂದಕ್ಕೆ ಸಿಕ್ಕಿಸಿದ ಹಾಗೆಯೇ ಅಂಗಡಿಯ ಗಾಡಿಗೆ ಏರಿಸಿದೆವು. ಕೆಳಗೊಂದು ಕೌದಿ, ಮೇಲೊಂದು ಕೌದಿ. ನಾನು ಹಿಂದೆ ಅದರ ಪಕ್ಕ ಕೂತು ತಂತಿ ಹಿಡಿದುಕೊಂಡೆ, ನಮ್ಮ ಮನೆಯವರು ಗಾಡಿ ನಡೆಸಿದರು. ಗುಂಡಿ ಬಂದಾಗೆಲ್ಲ, “ಸಾವಕಾಶ್ರೀ!” ಎಂದು ಕೂಗುತ್ತಿದ್ದೆ. ದಾರಿಯಲ್ಲಿ ಪೊಲೀಸರೊಬ್ಬರು ಕೈ ತೋರಿಸಿದರು. ಹಿಂದೆ ಇಣುಕಿ, ಕೌದಿಯೊಳಗೆ ಮಿನುಗುವ ಕೆಂಪು ದೀಪ ಕಂಡು, “ಏನ್ರಿ ಇದು? ಯಾಕ ಚಾಲೂ ಇಟ್ಟೀರಿ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, “ಸಾಹೇಬ್ರ, ಆರಿಸಿದ್ರ ಸಾಯತೈತ್ರಿ. ಖಾನಾಪುರ ಮುಟ್ಟೂತನಕಾ ಜೀವ ಇದ್ರ ಸಾಕು” ಎಂದರು. ಪೊಲೀಸರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಏನೂ ಕೇಳದೆ, “ಹೋಗ್ರಿ, ಲಗೂನ ಹೋಗ್ರಿ” ಎಂದು ದಾರಿ ಬಿಟ್ಟರು.

ಖಾನಾಪುರದ ಶಾದಿಮಹಲಿನಲ್ಲಿ ಮಾಸ್ತರರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊಣಕಾಲು ಸೋತಿವೆ, ಗಡ್ಡ ಬೆಳ್ಳಗಾಗಿದೆ, ಬೆರಳು ಮಾತ್ರ ಕುರ್ಚಿಯ ಹಿಡಿಕೆಯ ಮೇಲೆ ಇನ್ನೂ ತಾಳ ಹಾಕುತ್ತಿವೆ. ಯಂತ್ರ ಒಳಗೆ ಬರುವಾಗ ಅದರ ಮೈ ಸವರಿ, “ಬಂದ್ಯಾ?” ಎಂದರು. ನನಗೆ ಹೇಳಿದರೋ ಅದಕ್ಕೋ ತಿಳಿಯಲಿಲ್ಲ, ನಾನೇ “ಬಂದ್ನಿರಿ” ಎಂದೆ. ನಮಗೆಂದು ಬೇರೆ ಒಲೆಯ ಮೇಲೆ ತರಕಾರಿ ಪಲಾವ್ ಮಾಡಿಸಿದ್ದರು. ಅದನ್ನೂ ನಮ್ಮ ಮನೆಯವರು ಪ್ಲಗ್ಗಿನ ಪಕ್ಕ ನಿಂತೇ ಉಂಡರು. ಮೊಬೈಲ್ ಚಾರ್ಜ್ ಮಾಡಲು ಜಾಗ ಹುಡುಕುವ ಬೀಗರು ಎಷ್ಟು ಅಪಾಯದ ಜನ ಎಂದು ಅವರಿಗೆ ಅಂದು ಗೊತ್ತಾಯಿತಂತೆ. ತಾಟು ಒಂದು ಕೈಯಲ್ಲಿ, ಇನ್ನೊಂದು ಕೈ ಗೋಡೆಗೆ ಅಡ್ಡ. ಫ್ಯಾನು ಕಳೆದುಕೊಂಡ ಮನುಷ್ಯ ಅಷ್ಟು ನಿಷ್ಠೆಯಿಂದ ಕಾವಲು ನಿಂತದ್ದನ್ನು ಕಂಡು ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಅದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ಇನ್ವರ್ಟರ್ ವಾಪಸ್ ಕೇಳುತ್ತಿದ್ದರು.

ನಾಜ್ನೀನ್ ಹೊರಡುವ ಹೊತ್ತಾಯಿತು. ಡಿಜೆಯವನು ತನ್ನ ಎರಡು ಆಳೆತ್ತರದ ಸ್ಪೀಕರುಗಳನ್ನು ನನಗೆ ಬಿಟ್ಟುಕೊಟ್ಟ. ಮಾಸ್ತರರ ಕುರ್ಚಿ ನನ್ನ ಬಾಜು ಬಂತು. ಅರ್ಧ ಮಾಸಿದ ಪರದೆಯಲ್ಲಿ ಅಂದಾಜಿನ ಮೇಲೆ ಹದಿನೇಳಕ್ಕೆ ಹೋದೆ. ಅಲ್ಲಿ ಏನೂ ಇಲ್ಲದಿದ್ದರೆ? ಕೋಳಿ ಕೂಗಿದರೆ? ಕಣ್ಣು ಮುಚ್ಚಿ ಕೀ ಒತ್ತಿದೆ.

ಇತ್ತು. ಮಂಜಿನಲ್ಲಿ ತೊಯ್ದ ಹಾಗೆಯೇ, ತುದಿಯಲ್ಲಿ ನಡುಗುತ್ತ, ಏನೂ ಸವೆಯದೆ ಇತ್ತು. ಶಾದಿಮಹಲ್ ಕರಗಿಹೋಯಿತು. ಟೆಂಪೋ, ಸ್ಪೀಕರ್ ಡಬ್ಬಿ, ಮರಗಳ ತುದಿ, ಯಾವ ಯಾವುದೋ ಹುಡುಗಿಯರ ಹಸಿರು ಬಳೆ, ಎಲ್ಲ ಒಂದರ ಮೇಲೊಂದು ತೇಲಿ ಹೋದವು. ಮಾಸ್ತರರು ಕಣ್ಣು ಮುಚ್ಚಿದ್ದರು, ಗಡ್ಡದೊಳಗೆ ನೀರು ಇಳಿಯುತ್ತಿತ್ತು. “ಇದ... ಖರೇ ಇದ. ಹಂಗ ಐತಿ ನೋಡವ್ವಾ, ಒಂದೀಟೂ ಬದಲಾಗಿಲ್ಲ” ಎಂದರು. ನಾನೂ ಅತ್ತೆ. ಕಣ್ಣೀರಿನ ನಡುವೆ ನೋಡಿದರೆ ನಾಜ್ನೀನ್ ಮೆಹಂದಿ ಹಚ್ಚಿದ ಎರಡೂ ಕೈಯಿಂದ ಕೆನ್ನೆ ಕಿವಿಗಳನ್ನು ಒತ್ತಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಪಾಪ, ಹುಡುಗಿಗೆ ತಡೆಯಲಾಗುತ್ತಿಲ್ಲ ಎಂದುಕೊಂಡೆ. ಅವಳ ಗೆಳತಿಯರು, ತಂಗಿ ರೇಷ್ಮಾ, ವರನ ತಮ್ಮಂದಿರು ಒಬ್ಬೊಬ್ಬರಾಗಿ ಹೊರಗೆ ಹೋದರು. ಈಗಿನ ಹುಡುಗರು ಮಂದಿಯ ಮುಂದೆ ಅಳಲು ನಾಚುತ್ತಾರೆ ಎಂದು ನನಗೆ ಅವರ ಮೇಲೂ ಮಮತೆ ಉಕ್ಕಿತು. ಅದಕ್ಕೇ ಇನ್ನಷ್ಟು ಹೊತ್ತು ಬಾರಿಸಿದೆ, ದನಿಯನ್ನೂ ತುಸು ಏರಿಸಿದೆ. ನಾಜ್ನೀನ್ ಹೆಚ್ಚು ಕಮ್ಮಿ ಓಡುತ್ತಲೇ ಹೋಗಿ ಕಾರು ಹತ್ತಿದಳು. ಅಳುವ ಹಿರಿಯರನ್ನು ನೋಡಲಾರದೆ ಹಾಗೆ ಮಾಡಿದಳು ಎಂದು ಮಾಸ್ತರರೂ ನಾನೂ ಮಾತಾಡಿಕೊಂಡೆವು.

ಮರಳಿ ಬಂದ ಮೇಲೆ ಯಂತ್ರವನ್ನು ಆರಿಸಬಹುದಿತ್ತು. ಕೊಟ್ಟ ಮಾತು ನಡೆದಿತ್ತು. ಆದರೆ ಗೆದ್ದವರ ಅಮಲೇ ಬೇರೆ. ಸ್ವಲ್ಪ ದಿನ ಬಿಟ್ಟು ಲೋಂಡಾಕ್ಕೆ ನಾಜ್ನೀನ್‌ಗೆ ಫೋನು ಮಾಡಿ, ಗಂಡನ ಮನೆ ಹೇಗಿದೆ, ಅಡುಗೆ ಯಾರು ಮಾಡುತ್ತಾರೆ ಎಂದೆಲ್ಲ ವಿಚಾರಿಸಿ, “ಚಿಂತಿ ಮಾಡಬ್ಯಾಡವ್ವಾ, ಎಷ್ಟು ವರ್ಷ ಆಗಲಿ, ನಿಮ್ಮ ರೇಷ್ಮಾನ ಮದುವಿತನಕಾ ಇದನ್ನ ಹಿಂಗ ಚಾಲೂ ಇಡತೇನಿ” ಎಂದೆ. ಆ ಕಡೆ ಯಾವುದೋ ಗಾಡಿ ಸ್ಟೇಶನ್ನಿಗೆ ಬರುವ ಸದ್ದು ಕೇಳಿಸಿತು. ಆಮೇಲೆ ಹುಡುಗಿ ಮೆಲ್ಲಗೆ ಹೇಳಿದಳು. ಆ ಸನಾದಿಯ ಜೊತೆಗೇ ಒಂದು ಸಣ್ಣ ಚೀರು ಬರುತ್ತದಂತೆ, ಬಹಳ ಎತ್ತರದ್ದು, ಕಿವಿಗೆ ಸೂಜಿ ಹಾಕಿದ ಹಾಗೆ. ಅಷ್ಟು ಎತ್ತರದ ಸದ್ದು ವಯಸ್ಸಾದ ಕಿವಿಗೆ ಹತ್ತುವುದಿಲ್ಲವಂತೆ, ಸಣ್ಣ ವಯಸ್ಸಿನವರಿಗೆಲ್ಲ ಕೇಳಿಸಿತಂತೆ. ಡಿಜೆಯ ಹುಡುಗನಿಗೆ ಮರುದಿನವೂ ತಲೆನೋವಂತೆ. “ದೊಡ್ಡಾವರಿಗೆ ಯಾರಿಗೂ ಕೇಳಿಸಿಲ್ರಿ ಆಂಟಿ. ಅಜ್ಜ, ನೀವು, ಅಂಕಲ್ ಎಷ್ಟು ಆರಾಮ ಕುಂತಿದ್ರಿ.”

ನಾನು ಯಂತ್ರವನ್ನು ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು, ಬೆಕ್ಕು ಮಲಗಿತ್ತು. ಆ ಚೀರು ಯಂತ್ರ ಮುದಿಯಾದ ಮೇಲೆ ಸೇರಿಕೊಂಡದ್ದೋ, ಇಲ್ಲಾ ಮೊದಲಿನಿಂದಲೂ ಇತ್ತೋ? ಯಾರನ್ನು ಕೇಳುವುದು? ಅಂದು ನನಗೂ ಎಳೆಯ ಕಿವಿಯೇ, ಆದರೆ ದಿನವೂ ಸ್ಪೀಕರಿನ ಬಾಜು ಕೂತ ಆ ಕಿವಿಯ ಸಾಕ್ಷಿ ನಡೆಯುವುದಿಲ್ಲ; ಕೇಳಿಸಿಕೊಂಡ ಉಳಿದವರೆಲ್ಲ ಈಗ ನನ್ನ ವಯಸ್ಸಿನವರು. ಆಗ ನಾವು ಕಳಿಸಿಕೊಟ್ಟ ಒಬ್ಬೊಬ್ಬ ಹುಡುಗಿಯೂ ಧಾರಾಳವಾಗಿ ಅತ್ತಿದ್ದಳು, ಅದರ ಕೀರ್ತಿಯನ್ನು ನಾವೇ ತೆಗೆದುಕೊಂಡಿದ್ದೆವು. ಅದರ ಬಗ್ಗೆ ಹೆಚ್ಚು ಯೋಚಿಸಬಾರದು ಎಂದು ಅಲ್ಲಿಗೇ ಬಿಟ್ಟೆ.

“ಅಜ್ಜಾಗ ಮಾತ್ರ ಹೇಳಬ್ಯಾಡ್ರಿ ಆಂಟಿ” ಎಂದಳು ನಾಜ್ನೀನ್. “ದಿನಾ ಅದನ್ನ ನೆನಸಿ ನೆನಸಿ ಖುಷಿ ಪಡ್ತಾನ.”

“ಛೇ, ಅವರಿಗೆ ಹೇಳೂದುಂಟೇನವ್ವಾ” ಎಂದೆ.

“ನಿಮಗೂ ಹೇಳಬಾರದಂತ ನಾವೆಲ್ಲಾ ಆಣಿ ಮಾಡಿದ್ವಿರಿ. ಆದ್ರ ನೀವು ರೇಷ್ಮಾನ ಮದುವಿಗೂ ತರ್ತೇನಿ ಅಂದ್ರಲ್ಲ, ಅದಕ್ಕ ಬಾಯಿ ಬಿಟ್ಟೆ.”